ಮನೆ ಅಳಿಯನ ಮನೆ ಯಾವುದು?

ಬೆಂಗಳೂರಿನಲ್ಲಿ ಮೈಕೋ ಲೇಔಟ್ ಎಂಬ ಬಡಾವಣೆ ಇದೆ. ಅದೇ ಹೆಸರಿನ ಪೊಲೀಸ್ ಠಾಣೆಯೂ ಇದೆ. ಮೈಕೋ ಎಂಬ ಹೆಸರಿನ ಕಂಪೆನಿ ಮಾತ್ರ ಈಗಿಲ್ಲ. ಅದು ಮುಳುಗಿ ಹೋಯಿತೆಂದು ಯಾರೂ ತಿಳಿಯಬೇಕಾಗಿಲ್ಲ. ಅದು ಚೆನ್ನಾಗಿಯೇ ಬೆಳೆಯಿತು. ಹೆಸರು ಬದಲಿಸಿತು, ಕಾರಖಾನೆಯ ಜಾಗ ಬದಲಿಸಿತು, ಮಾಡುವ ಕೆಲಸವನ್ನೂ ಬಹುಮಟ್ಟಿಗೆ ಬದಲಿಸಿತು. ಆದರೆ ಕೊನೆಯ ಮಾತು ಆಡುವ ಅಧಿಕಾರವೊಂದು ಮಾತ್ರ ಇಷ್ಟು ವರ್ಷಗಳಲ್ಲಿ ಈ ನಾಡಿಗೆ ಬರಲಿಲ್ಲ.

ಈ ಹಳೆಯ ಸಂಗತಿಯನ್ನು ಈಗ ಎತ್ತುವುದಕ್ಕೆ ಕಾರಣವಿದೆ. 2024ರ ನವೆಂಬರಿನಲ್ಲಿ ಕರ್ನಾಟಕ ಸರಕಾರ ಒಂದು ಹೊಸ ನೀತಿಯನ್ನು ಪ್ರಕಟಿಸಿತು. ಪರದೇಶದ ಕಂಪೆನಿಗಳು ತಮ್ಮ ತಾಂತ್ರಿಕ ಕೆಲಸ, ಲೆಕ್ಕಪತ್ರ, ಸಂಶೋಧನೆಗಳಿಗಾಗಿ ಇಲ್ಲಿ ತೆರೆಯುವ ಅಂಗಸಂಸ್ಥೆಗಳಿಗೆ ಜಾಗತಿಕ ಸಾಮರ್ಥ್ಯ ಕೇಂದ್ರಗಳೆಂದು ಹೆಸರು. ಇಂತಹ 500 ಹೊಸ ಕೇಂದ್ರಗಳನ್ನು 2029ರೊಳಗೆ ತರಬೇಕು, ಮೂರೂವರೆ ಲಕ್ಷ ಜನರಿಗೆ ಕೆಲಸ ಒದಗಿಸಬೇಕು ಎಂಬುದು ಆ ನೀತಿಯ ಗುರಿ. ಬೆಂಗಳೂರಿನ ಆಚೆಗೆ ಬರುವವರಿಗೆ ರಿಯಾಯಿತಿಗಳ ಆಶ್ವಾಸನೆಯೂ ಇದೆ. ನಮ್ಮಂತಹ ಜಿಲ್ಲಾ ಕೇಂದ್ರಗಳ ಪದವೀಧರ ಮಕ್ಕಳು ಇದಕ್ಕಾಗಿಯೇ ಕಾದು ಕುಳಿತಿದ್ದಾರೆ. ಕಂಪೆನಿಗಳು ಬರಲಿ, ನಾವು ಬೇಡವೆನ್ನುವುದಿಲ್ಲ. ಆದರೆ ಅಳಿಯನನ್ನು ಮನೆಗೆ ಕರೆಯುವ ಮೊದಲು ನಾಲ್ಕು ಮಾತು ವಿಚಾರಿಸುವುದು ಯಾವ ಹಳ್ಳಿಯಲ್ಲಿಯೂ ಇರುವ ಪದ್ಧತಿ.

ಪರದೇಶದ ಬಂಡವಾಳ ಎಂದೊಡನೆ ಈಸ್ಟ್ ಇಂಡಿಯಾ ಕಂಪೆನಿಯ ಹೆಸರೆತ್ತಿ ಕೂಗುವ ಚಾಳಿ ನಮ್ಮವರಲ್ಲಿ ಉಂಟು. ಇನ್ನೊಂದು ಪಂಗಡದವರು ಬೋರ್ಡು ನೋಡಿದೊಡನೆ ಕೈಮುಗಿಯುತ್ತಾರೆ. ಎರಡರಿಂದಲೂ ವಿಷಯ ತಿಳಿಯುವುದಿಲ್ಲ. ಇಂತಹ ಕಂಪೆನಿ ನಿಂತಲ್ಲೇ ನಿಲ್ಲುವ ವಸ್ತುವಲ್ಲ. ಕಾಲಕ್ಕೆ ತಕ್ಕಂತೆ ಅದು ರೂಪ ಬದಲಿಸುತ್ತದೆ. ಹೇಗೆಂಬುದಕ್ಕೆ ಮೈಕೋ ಒಳ್ಳೆಯ ಉದಾಹರಣೆ.

ಜರ್ಮನಿಯ ಬಾಷ್ ಕಂಪೆನಿ 1922ರಲ್ಲಿ ಕಲಕತ್ತೆಯ ಏಜೆನ್ಸಿಯೊಂದರ ಮೂಲಕ ಭಾರತಕ್ಕೆ ಕಾಲಿಟ್ಟಿತು. ಮಾಲು ಅಲ್ಲಿ ತಯಾರಾಗುತ್ತಿತ್ತು, ಇಲ್ಲಿ ಮಾರಾಟವಾಗುತ್ತಿತ್ತು. ಸ್ವಾತಂತ್ರ್ಯ ಬಂದ ಮೇಲೆ ಆಮದಿನ ಮೇಲೆ ಅಂಕುಶ ಬಿತ್ತು. ಮಾರಬೇಕಾದರೆ ಇಲ್ಲಿಯೇ ತಯಾರಿಸಬೇಕೆಂಬ ಸ್ಥಿತಿ ಒದಗಿತು. 1951ರಲ್ಲಿ ಮೋಟಾರ್ ಇಂಡಸ್ಟ್ರೀಸ್ ಕಂಪೆನಿ ಸ್ಥಾಪನೆಯಾಯಿತು. ಜನರ ಬಾಯಲ್ಲಿ ಅದೇ ಮೈಕೋ. ಆಡುಗೋಡಿಯ ಕಾರಖಾನೆಯಲ್ಲಿ ಸ್ಪಾರ್ಕ್ ಪ್ಲಗ್ಗುಗಳು, ಡೀಸೆಲ್ ಇಂಜಿನ್ನಿಗೆ ಬೇಕಾದ ಪಂಪುಗಳು ತಯಾರಾದವು. ಈ ನಾಡಿನ ಲಾರಿ, ಟ್ರಾಕ್ಟರುಗಳು ಆ ಪಂಪಿನ ಮೇಲೆ ಓಡಿದವು. ಬಳಿಕ ನಾಸಿಕದಲ್ಲಿಯೂ ಜೈಪುರದಲ್ಲಿಯೂ ಕಾರಖಾನೆಗಳು ಎದ್ದವು. ಅಂಗಡಿಯಾಗಿದ್ದುದು ಕಾರಖಾನೆಯಾದದ್ದು ಧಣಿಯ ಔದಾರ್ಯದಿಂದಲ್ಲ, ಈ ದೇಶದ ಕಾನೂನಿನಿಂದ.

ಮೂರನೆಯ ಘಟ್ಟ 1990ರ ದಶಕದ ಕೊನೆಯದು. ಬಾಷ್ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಮತ್ತು ಸಾಫ್ಟ್‌ವೇರ್ ಕೆಲಸಕ್ಕೆ ಇನ್ನೊಂದು ಕಂಪೆನಿ ತೆರೆಯಿತು. ಜರ್ಮನಿಯ ಹೊರಗೆ ಬಾಷ್‌ಗೆ ಇರುವ ಅತಿ ದೊಡ್ಡ ಅಭಿವೃದ್ಧಿ ಕೇಂದ್ರವಾಗಿ ಅದು ಬೆಳೆಯಿತು. ಈ ಜಾಣತನ ಆಕಾಶದಿಂದ ಉದುರಿತೇ? ಬೆಂಗಳೂರಿನಲ್ಲಿ 1909ರಿಂದ ವಿಜ್ಞಾನ ಮಂದಿರವಿತ್ತು. ಎಚ್.ಎ.ಎಲ್., ಐ.ಟಿ.ಐ., ಎಚ್.ಎಂ.ಟಿ., ಬಿ.ಇ.ಎಲ್. ಮೊದಲಾದ ಸಾರ್ವಜನಿಕ ಕಾರಖಾನೆಗಳು 1940 ಮತ್ತು 50ರ ದಶಕಗಳಲ್ಲಿ ಹುಟ್ಟಿದ್ದವು. ತಂದೆ ಲೇತಿನ ಮುಂದೆ ನಿಂತು ದುಡಿದ, ಮಗಳು ಸರಕಾರಿ ಕಾಲೇಜಿನಲ್ಲಿ ಇಂಜಿನಿಯರಾದಳು. ಆ ಓದಿನ ಖರ್ಚು ಹೊತ್ತದ್ದು ತೆರಿಗೆ ಕೊಟ್ಟ ಜನ. ಸಿದ್ಧವಾದ ಬುದ್ಧಿಯನ್ನು ಅಗ್ಗದ ದರಕ್ಕೆ ಪಡೆದದ್ದು ಪರದೇಶದ ಕಂಪೆನಿ.

2008ರಲ್ಲಿ ಮೈಕೋ ಎಂಬ ಹೆಸರು ಹೋಗಿ ಬಾಷ್ ಲಿಮಿಟೆಡ್ ಎಂಬ ಹೆಸರು ಬಂತು. ತಯಾರಿಕೆಯ ಕೆಲಸ ಆಡುಗೋಡಿಯಿಂದ ಬಿಡದಿಗೆ ಸಾಗಿತು. ಹಳೆಯ ಜಾಗದಲ್ಲಿ ಹೊಸ ತಂತ್ರಜ್ಞಾನದ ಆವರಣ ಎದ್ದು, 2022ರ ಜೂನಿನಲ್ಲಿ ಪ್ರಧಾನಿಯವರಿಂದ ಉದ್ಘಾಟನೆಯಾಯಿತು. ಎಣ್ಣೆಗೈಯವರ ಜಾಗದಲ್ಲಿ ಕಂಪ್ಯೂಟರಿನವರು ಕುಳಿತರು.

ಇದೆಲ್ಲ ಬೆಳವಣಿಗೆಯೇ, ಸಂಶಯವಿಲ್ಲ. ಆದರೆ ಒಡೆತನದ ಲೆಕ್ಕವನ್ನು ವಾಚಕರು ಗಮನಿಸಬೇಕು. ಕಾರಖಾನೆ ನಡೆಸುವ ಬಾಷ್ ಲಿಮಿಟೆಡ್‌ನಲ್ಲಿ ತವರು ಕಂಪೆನಿಯ ಪಾಲು ಸುಮಾರು ಶೇಕಡಾ 70. ಉಳಿದದ್ದು ಪೇಟೆಯ ಷೇರುದಾರರ ಕೈಯಲ್ಲಿದೆ. ಬುದ್ಧಿಯ ಕೆಲಸ ನಡೆಯುವ ಸಾಫ್ಟ್‌ವೇರ್ ಕಂಪೆನಿಯಾದರೋ ಪೂರ್ತಿಯಾಗಿ ತವರಿನದು. ಕೈಗೆಲಸದಲ್ಲಿ ನಮಗೆ ಒಂದಿಷ್ಟು ಪಾಲು, ತಲೆಗೆಲಸದಲ್ಲಿ ಪಾಲೇ ಇಲ್ಲ. ಈಗ ಬರಲಿರುವ ಸಾಮರ್ಥ್ಯ ಕೇಂದ್ರಗಳಲ್ಲಿ ಹೆಚ್ಚಿನವು ಈ ಎರಡನೆಯ ಜಾತಿಗೆ ಸೇರಿದವು.

ಷೇರು ಹಂಚಿದರೆ ಸಾಕೆಂದು ನಮ್ಮವರು ಒಮ್ಮೆ ನಂಬಿದ್ದರು. 1973ರ ವಿದೇಶಿ ವಿನಿಮಯ ಕಾಯಿದೆ ಪರದೇಶದ ಪಾಲಿಗೆ ಸಾಮಾನ್ಯವಾಗಿ ಶೇಕಡಾ 40ರ ಮಿತಿ ಹಾಕಿತು. ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಜನತಾ ಸರಕಾರದಲ್ಲಿ ಕೈಗಾರಿಕಾ ಸಚಿವರಾಗಿದ್ದಾಗ ಅದನ್ನು ಬಿಗಿಯಾಗಿ ಹಿಡಿದರು. ಕೋಕಾಕೋಲಾ 1977ರಲ್ಲಿ ಹೋಯಿತು, ಐಬಿಎಂ 1978ರಲ್ಲಿ. ಸರಕಾರವೊಂದು ಕಂಪೆನಿಗೆ ಎದುರು ನಿಂತು ಮಾತಾಡಬಲ್ಲುದೆಂದು ಜಗತ್ತಿಗೆ ತಿಳಿಯಿತು. ಅದು ಸಣ್ಣ ಸಂಗತಿಯಲ್ಲ. ಆದರೂ ನಮ್ಮ ತಪ್ಪನ್ನು ನಾವೇ ಒಪ್ಪಿಕೊಳ್ಳಬೇಕು. ಉಳಿದ ಅನೇಕ ಕಂಪೆನಿಗಳು ಮಿತಿಗೆ ತಲೆಬಾಗಿ ಷೇರನ್ನು ಸಾವಿರಾರು ಜನರಿಗೆ ಚೂರು ಚೂರಾಗಿ ಮಾರಿದವು. ಒಬ್ಬನ ಕೈಯಲ್ಲಿ 40, ಚದುರಿ ಹೋದ ಸಾವಿರಾರು ಜನರ ಕೈಯಲ್ಲಿ 60 ಇದ್ದರೆ ಮಾತು ನಡೆಯುವುದು ಯಾರದು? ಷೇರು ಹಂಚಿಕೆಯಾಯಿತು, ಅಧಿಕಾರ ಹಂಚಿಕೆಯಾಗಲಿಲ್ಲ. ಕೋಕಾಕೋಲಾ 1993ರಲ್ಲಿ ಮರಳಿ ಬಂದು ನಮ್ಮ ಥಮ್ಸ್ ಅಪ್ ಅನ್ನೇ ಕೊಂಡುಕೊಂಡಿತು.

ಹಿಂದೂಸ್ಥಾನ್ ಲೀವರ್ ಇನ್ನೂ ಜಾಣ. ಉನ್ನತ ತಂತ್ರಜ್ಞಾನ, ರಫ್ತು ಎಂಬ ಕಾರಣಗಳನ್ನು ಮುಂದಿಟ್ಟು ಶೇಕಡಾ 51ನ್ನು ಉಳಿಸಿಕೊಂಡಿತು. 1961ರಲ್ಲಿಯೇ ಅಲ್ಲಿ ಪ್ರಕಾಶ್ ಟಂಡನ್ ಎಂಬ ಭಾರತೀಯರು ಅಧ್ಯಕ್ಷರಾಗಿದ್ದರು. ಕುರ್ಚಿ ದೇಶೀಯವಾಯಿತು, ಕೀಲಿಕೈ ಲಂಡನ್ನಿನಲ್ಲಿ ಉಳಿಯಿತು. ಇಂದು ಯೂನಿಲಿವರ್‌ನ ಪಾಲು ಸುಮಾರು ಶೇಕಡಾ 62. ಲಾಭಾಂಶದ ಹೊರತಾಗಿ ಹೆಸರು, ತಂತ್ರಜ್ಞಾನ, ಸೇವೆಗಳ ಲೆಕ್ಕದಲ್ಲಿಯೂ ಹಣ ತವರಿಗೆ ಹೋಗುತ್ತದೆ. ಇಂತಹ ಸಂದಾಯಕ್ಕೆ ಸರಕಾರ ಹಾಕಿದ್ದ ಮಿತಿಯನ್ನು 2009ರ ಡಿಸೆಂಬರಿನಲ್ಲಿ ಸಡಿಲಿಸಲಾಯಿತು. 2013ರಲ್ಲಿ ಲೀವರ್ ಈ ಪಾವತಿಯನ್ನು ವಹಿವಾಟಿನ ಶೇಕಡಾ 1.4ರಿಂದ ಹಂತಹಂತವಾಗಿ 3.15ಕ್ಕೆ ಏರಿಸುವುದಾಗಿ ಪ್ರಕಟಿಸಿತು. 2023ರಲ್ಲಿ 3.45ಕ್ಕೆ ಏರಿಸುವ ಒಪ್ಪಂದವಾಯಿತು. ಲಾಭ ಬರಲಿ ಬಿಡಲಿ, ಹೆಸರಿನ ಬಾಡಿಗೆ ಕೊಡಲೇಬೇಕು. ಇಲ್ಲಿ ಸೋಪಿನ ದರ ಏರಿದಾಗ ಆ ಬಾಡಿಗೆಯ ಮೊತ್ತವೂ ಏರುತ್ತದೆ.

ಧಣಿ ದುಷ್ಟನೆಂಬುದು ನಮ್ಮ ವಾದವಲ್ಲ. ಬಾಷ್ ಕಂಪೆನಿಯ ಬಂಡವಾಳದಲ್ಲಿ ಸುಮಾರು ಶೇಕಡಾ 94 ಒಂದು ದತ್ತಿ ಪ್ರತಿಷ್ಠಾನಕ್ಕೆ ಸೇರಿದೆ. ಪ್ರಶ್ನೆ ಗುಣದ್ದಲ್ಲ, ಹಕ್ಕಿನದು. ಜರ್ಮನಿಯಲ್ಲಿ 1976ರ ಒಂದು ಕಾಯಿದೆಯಿದೆ. ಎರಡು ಸಾವಿರಕ್ಕಿಂತ ಹೆಚ್ಚು ಜನ ದುಡಿಯುವ ಕಂಪೆನಿಯ ಮೇಲ್ವಿಚಾರಣಾ ಮಂಡಳಿಯಲ್ಲಿ ಅರ್ಧ ಸ್ಥಾನ ಕಾರ್ಮಿಕರ ಪ್ರತಿನಿಧಿಗಳಿಗೆ ಮೀಸಲು. ಆದರೆ ಆ ಮತ ಜರ್ಮನಿಯಲ್ಲಿ ದುಡಿಯುವವರಿಗೆ ಮಾತ್ರ. ಹೊರದೇಶದ ಶಾಖೆಗಳ ಕಾರ್ಮಿಕರನ್ನು ಹೊರಗಿಟ್ಟರೆ ತಪ್ಪಿಲ್ಲವೆಂದು ಯುರೋಪಿನ ನ್ಯಾಯಾಲಯ 2017ರಲ್ಲಿ ತೀರ್ಪು ಕೊಟ್ಟಿತು. ಆ ಮೊಕದ್ದಮೆ ಯುರೋಪಿನೊಳಗಿನ ಶಾಖೆಗಳದು. ಅಲ್ಲಿಯವರಿಗೇ ಇಲ್ಲದ ಮತ ಬೆಂಗಳೂರಿನವನಿಗೆ ಎಲ್ಲಿಂದ ಬರಬೇಕು? ಒಂದೇ ಕಂಪೆನಿಯ ಕೆಲಸ, ಒಂದೇ ನಕ್ಷೆ, ಒಂದೇ ಯಂತ್ರ. ಒಂದು ವಿಭಾಗವನ್ನು ಮುಚ್ಚುವ ಮಾತು ಬಂದಾಗ ಜರ್ಮನಿಯ ಕಾರ್ಮಿಕನ ಪ್ರತಿನಿಧಿ ಮೇಜಿನ ಮುಂದೆ ಕುಳಿತಿರುತ್ತಾನೆ. ಬೆಂಗಳೂರಿನ ಕಾರ್ಮಿಕನಿಗೆ ಸುದ್ದಿ ಮಾತ್ರ ತಲಪುತ್ತದೆ.

ವಿಚಿತ್ರವೆಂದರೆ ಅದೇ 1976ರಲ್ಲಿ ನಮ್ಮ ಸಂವಿಧಾನಕ್ಕೂ 43ಎ ವಿಧಿಯನ್ನು ಸೇರಿಸಲಾಯಿತು. ಕೈಗಾರಿಕೆಯ ಆಡಳಿತದಲ್ಲಿ ಕಾರ್ಮಿಕರು ಭಾಗವಹಿಸುವಂತೆ ಸರಕಾರ ಕ್ರಮ ಕೈಗೊಳ್ಳಬೇಕೆಂದು ಅದರ ನಿರ್ದೇಶ. 1990ರಲ್ಲಿ ಇದಕ್ಕಾಗಿ ರಾಜ್ಯಸಭೆಯಲ್ಲಿ ಮಂಡಿಸಿದ ಮಸೂದೆ ಕಾಯಿದೆಯಾಗಲೇ ಇಲ್ಲ. ಅತ್ತ ಕರ್ನಾಟಕ ಸರಕಾರ ಸಾಫ್ಟ್‌ವೇರ್ ಕಂಪೆನಿಗಳಿಗೆ 1946ರ ಸ್ಥಾಯಿ ಆದೇಶಗಳ ಕಾಯಿದೆಯಿಂದಲೇ ವಿನಾಯಿತಿ ಕೊಟ್ಟು, 2019ರಲ್ಲಿ ಅದನ್ನು ಮತ್ತೆ ಐದು ವರ್ಷ ವಿಸ್ತರಿಸಿತು. ಕಂಪೆನಿ ಕೇಳುವ ಮೊದಲೇ ನಾವು ಬಾಗುವುದನ್ನು ಕಲಿತಿದ್ದೇವೆ.

ಆದುದರಿಂದ ನಮ್ಮ ಬೇಡಿಕೆ ಇಷ್ಟೇ. ಜನರ ಜಮೀನು, ಜನರ ವಿದ್ಯುತ್ತು, ಜನರ ತೆರಿಗೆಯಿಂದ ಬಂದ ರಿಯಾಯಿತಿ ಪಡೆಯುವ ಪ್ರತಿಯೊಂದು ಅಂಗಸಂಸ್ಥೆಯೂ ಹೆಸರು, ತಂತ್ರಜ್ಞಾನ, ಸೇವೆಗಳ ಬಾಬ್ತು ಹೊರದೇಶಕ್ಕೆ ಎಷ್ಟು ಹಣ ಕಳಿಸಿತೆಂದು ವರ್ಷಕ್ಕೊಮ್ಮೆ ಕನ್ನಡದಲ್ಲಿ ಪ್ರಕಟಿಸಲಿ. ಅದರ ಇಲ್ಲಿಯ ಆಡಳಿತ ಮಂಡಳಿಯಲ್ಲಿ ದುಡಿಯುವವರು ಆರಿಸಿದ ಪ್ರತಿನಿಧಿಗಳು ಕೂರಲಿ. ಪಡೆದ ರಿಯಾಯಿತಿಯ ಅವಧಿ ಮುಗಿಯುವ ಮೊದಲು ಗಂಟು ಕಟ್ಟಿದರೆ ಆ ಹಣ ಬಡ್ಡಿಸಹಿತ ಬೊಕ್ಕಸಕ್ಕೆ ಬರಲಿ. ಇವನ್ನು ರಿಯಾಯಿತಿಯ ಕರಾರಿನಲ್ಲಿಯೇ ಬರೆಯಲು ಸರಕಾರಕ್ಕೆ ಅಡ್ಡಿಯೇನು?

ಹೀಗೆ ಕೇಳಿದರೆ ಕಂಪೆನಿಗಳು ಓಡಿಹೋಗುತ್ತವೆಂದು ಹೆದರಿಸುವವರಿದ್ದಾರೆ. ಜರ್ಮನಿಯಲ್ಲಿ ಕಾರ್ಮಿಕರು ಮಂಡಳಿಯಲ್ಲಿ ಕೂತು ಐವತ್ತು ವರ್ಷವಾಯಿತು, ಬಾಷ್ ಅಲ್ಲಿಂದ ಓಡಿಹೋಗಿಲ್ಲ. ಆಮದಿಗೆ ಅಂಕುಶ ಬಿದ್ದಾಗಲೂ ಅದು ಭಾರತ ಬಿಟ್ಟು ಹೋಗಲಿಲ್ಲ, ಆಡುಗೋಡಿಗೆ ಬಂದು ಕಾರಖಾನೆ ಕಟ್ಟಿತು. ಅಳಿಯ ಮನೆಗೆ ಬರಲಿ, ಉಣ್ಣಲಿ, ದುಡಿಯಲಿ, ಬೆಳೆಯಲಿ. ಆದರೆ ಮನೆಯ ಮಾತು ನಡೆಯುವಾಗ ಮನೆಯವರನ್ನು ಹೊರಗೆ ನಿಲ್ಲಿಸುವ ಪದ್ಧತಿ ಇನ್ನು ಸಾಕು.