ಕಳ್ಳನಿಗೆ ಕಾವಲು, ಕೂಗಿದವನಿಗೆ ಕೋಳ

ಊರ ಕಣಜಕ್ಕೆ ಕನ್ನ ಬಿದ್ದಿದೆ. ಕಾವಲಿನವರಲ್ಲೊಬ್ಬನು ಅದನ್ನು ಕಂಡು ಓಣಿಗೆ ಓಡಿಬಂದು ಕೂಗುತ್ತಾನೆ. ಊರವರು ಎದ್ದು ಬರುವಷ್ಟರಲ್ಲಿ ಗೌಡನ ಆಳುಗಳು ಕನ್ನ ಹಾಕಿದವನನ್ನು ಬಿಟ್ಟು, ಕೂಗಿದವನ ಕೈಗೆ ಕೋಳ ತೊಡಿಸುತ್ತಾರೆ. 'ಕಣಜದ ಗುಟ್ಟನ್ನು ಬೀದಿಗೆ ತಂದೆ' ಎಂಬದೇ ಅವನ ಅಪರಾಧ! ಇಂಥ ಊರನ್ನು ನ್ಯಾಯದ ಊರೆಂದು ಯಾರಾದರೂ ಕರೆದಾರೇ? ವಾಚಕರು ನಗಬಹುದು. ಆದರೆ 1923ನೆಯ ಇಸವಿಯಿಂದ ಇಂದಿನ ವರೆಗೆ ನಮ್ಮ ದೇಶದಲ್ಲಿ ನಡೆದು ಬಂದಿರುವ ಅಧಿಕೃತ ರಹಸ್ಯಗಳ ಕಾಯಿದೆಯು ಹೇಳುವದು ಇದೇ ನ್ಯಾಯವನ್ನು.

ಇದು ನಾವು ಬೇಡಿ ಪಡೆದ ಕಾಯಿದೆಯಲ್ಲ. ಇದರ ಬೀಜವನ್ನು ಆಂಗ್ಲ ಸರಕಾರವು 1889ರಲ್ಲಿ ಬಿತ್ತಿತು. 1904ರಲ್ಲಿ ಲಾರ್ಡ್ ಕರ್ಝನ್ನರ ಆಡಳಿತವು ಸೈನ್ಯದ ಸಂಗತಿಗಳ ಜೊತೆಗೆ ಮುಲಕಿ ಆಡಳಿತದ ಸಂಗತಿಗಳಿಗೂ ಅದನ್ನು ಚಾಚಿದಾಗ ಗೋಪಾಲಕೃಷ್ಣ ಗೋಖಲೆಯವರು ಶಾಸನಸಭೆಯಲ್ಲಿ ಎದ್ದುನಿಂತು ವಿರೋಧಿಸಿದರು. ಅವರ ಮಾತು ನಡೆಯಲಿಲ್ಲ. 1923ರಲ್ಲಿ ಇಂಗ್ಲೆಂಡಿನ 1911ರ ಕಾಯಿದೆಯನ್ನು ಮಾದರಿಯಾಗಿಟ್ಟುಕೊಂಡು ಇಂದಿನ ಕಾಯಿದೆಯನ್ನು ಬರೆದರು. ಮುಂದೆ ಸ್ವರಾಜ್ಯವು ಬಂದಿತು, ಧ್ವಜವು ಬದಲಾಯಿತು, ಕಾಯಿದೆಯು ಮಾತ್ರ ಇದ್ದಲ್ಲಿಯೇ ಇದ್ದಿತು. ಇಷ್ಟೇ ಅಲ್ಲ, 1967ರಲ್ಲಿ ಅದನ್ನು ಮತ್ತಷ್ಟು ಬಿಗಿಗೊಳಿಸಿದ್ದು ಸ್ವತಂತ್ರ ಭಾರತದ ಸಂಸತ್ತೇ ಎಂಬದನ್ನು ನಾಚಿಕೆಯಿಂದ ಒಪ್ಪಲೇಬೇಕು.

ವಕೀಲಿ ಉದ್ಯೋಗದಲ್ಲಿರುವ ನಾವು ಈ ಕಾಯಿದೆಯ 5ನೆಯ ಕಲಮನ್ನು ಎಷ್ಟು ಸಲ ಓದಿದರೂ ಅದರ ವಿಸ್ತಾರವನ್ನು ಕಂಡು ಬೆರಗಾಗುತ್ತೇವೆ. ಅಧಿಕಾರದ ಮೂಲಕ ಕೈಗೆ ಬಂದ ರಹಸ್ಯ ಕಾಗದವನ್ನು ಅಪ್ಪಣೆಯಿಲ್ಲದೆ ಇನ್ನೊಬ್ಬರಿಗೆ ಕೊಟ್ಟವನೂ ಅಪರಾಧಿ. ಅದು ಹೀಗೆ ಬಂದುದೆಂದು ತಿಳಿದು ಪಡೆದವನೂ ಅಪರಾಧಿ. ಶಿಕ್ಷೆ ಮೂರು ವರ್ಷಗಳ ಸೆರೆವಾಸದ ವರೆಗೆ. ಆದರೆ 'ರಹಸ್ಯ'ವೆಂದರೇನು? ಕಾಯಿದೆಯು ಹೇಳುವದಿಲ್ಲ! ಕಚೇರಿಯಲ್ಲಿ ಕುಳಿತವನು ಯಾವ ಕಾಗದದ ಮೇಲೆ ಮುದ್ರೆ ಒತ್ತುವನೋ ಅದೇ ರಹಸ್ಯ. ದೇಶದ ರಕ್ಷಣೆಯ ನಕ್ಷೆಯ ಮೇಲೂ ಅದೇ ಮುದ್ರೆ. ಗುತ್ತಿಗೆದಾರನಿಗೆ ಹೆಚ್ಚು ಹಣ ಸಂದ ಲೆಕ್ಕದ ಮೇಲೂ ಅದೇ ಮುದ್ರೆ. ತಪ್ಪು ಮಾಡಿದವನೇ ತನ್ನ ತಪ್ಪಿಗೆ ಮುದ್ರೆಯೊತ್ತಿ, ಅದನ್ನು ತೋರಿಸಿದವನನ್ನು ಸೆರೆಗೆ ನೂಕಬಲ್ಲನಾದರೆ, ಅದು ರಾಷ್ಟ್ರದ ರಕ್ಷಣೆಯೋ, ಕಚೇರಿಯ ರಕ್ಷಣೆಯೋ?

ಮುದ್ರೆಯನ್ನು ನಂಬಿದರೆ ಏನಾಗುವದೆಂಬದಕ್ಕೆ ದಿಲ್ಲಿಯ ಒಂದು ಖಟ್ಲೆಯೇ ಸಾಕ್ಷಿ. 2002ರ ಜೂನ್ ತಿಂಗಳಲ್ಲಿ ಇಫ್ತಿಖಾರ್ ಗಿಲಾನಿ ಎಂಬ ಪತ್ರಕರ್ತರನ್ನು ಇದೇ ಕಾಯಿದೆಯ ಮೇರೆಗೆ ಹಿಡಿದರು. ಅವರ ಮನೆಯಲ್ಲಿ ಸಿಕ್ಕಿದ ಕಾಗದದಲ್ಲಿ ಕಾಶ್ಮೀರದಲ್ಲಿದ್ದ ಸೈನ್ಯದ ವಿವರಗಳಿದ್ದವು. ಆದರೆ ಅದು ಇಸ್ಲಾಮಾಬಾದಿನ ಸಂಸ್ಥೆಯೊಂದು ಹಿಂದೆಯೇ ಅಚ್ಚು ಹಾಕಿಸಿದ, ಯಾರು ಬೇಕಾದರೂ ಓದಬಹುದಾಗಿದ್ದ ಬರಹ! ಸೈನ್ಯದ ಗುಪ್ತಚರ ಇಲಾಖೆಯು ಮೊದಲು ಅದನ್ನು ಅಪಾಯಕರವೆಂದಿತು. ಬಳಿಕ ಅದಕ್ಕೇನೂ ಮಹತ್ವವಿಲ್ಲವೆಂದಿತು. 2003ರ ಜನವರಿಯಲ್ಲಿ ಸರಕಾರವೇ ಖಟ್ಲೆಯನ್ನು ಹಿಂದಕ್ಕೆ ತೆಗೆದುಕೊಂಡಿತು. ಆ ನಡುವಿನ ಏಳು ತಿಂಗಳು ಆ ಪತ್ರಕರ್ತರು ತಿಹಾರದ ಸೆರೆಮನೆಯಲ್ಲಿದ್ದರು. ಆ ಏಳು ತಿಂಗಳನ್ನು ಅವರಿಗೆ ತಿರುಗಿ ಕೊಡುವವರಾರು?

ಇನ್ನು ಈ ಕಾಯಿದೆಯ ತವರುಮನೆಯನ್ನು ನೋಡೋಣ. 1982ರ ಫಾಕ್‌ಲೆಂಡ್ ಯುದ್ಧದಲ್ಲಿ ಆಂಗ್ಲರು ಅರ್ಜೆಂಟೀನದ ಬೆಲ್ಗ್ರಾನೋ ಎಂಬ ಹಡಗನ್ನು ಮುಳುಗಿಸಿದರು. 323 ಜನ ಸತ್ತರು. ಆ ವಿಷಯದಲ್ಲಿ ಮಂತ್ರಿಗಳು ಪಾರ್ಲಿಮೆಂಟಿಗೆ ನಿಜ ಹೇಳುತ್ತಿಲ್ಲವೆಂದು ಕಂಡ ಕ್ಲೈವ್ ಪಾಂಟಿಂಗ್ ಎಂಬ ಅಧಿಕಾರಿಯು 1984ರಲ್ಲಿ ಕಾಗದಗಳನ್ನು ಒಬ್ಬ ಸದಸ್ಯರಿಗೆ ಕಳಿಸಿದನು. ಅವನ ಮೇಲೆ ಖಟ್ಲೆಯಾಯಿತು. ಆಳುವ ಸರಕಾರ ಯಾವದನ್ನು ರಾಜ್ಯದ ಹಿತವೆನ್ನುವದೋ ಅದೇ ರಾಜ್ಯದ ಹಿತವೆಂಬರ್ಥದಲ್ಲಿ ನ್ಯಾಯಾಧೀಶನು ಪಂಚರಿಗೆ ತಿಳಿಹೇಳಿದನು. ಪಂಚರಾದರೋ 1985ರಲ್ಲಿ ಅವನನ್ನು ನಿರ್ದೋಷಿಯೆಂದು ಬಿಟ್ಟರು. 1989ರಲ್ಲಿ ಆಂಗ್ಲರು ಆ ಹಳೆಯ ಕಲಮನ್ನೇ ತೆಗೆದುಹಾಕಿದರು. ಅವರ ಹೊಸ ಕಾಯಿದೆಯೂ ಲೋಕಹಿತಕ್ಕಾಗಿ ಬಾಯಿಬಿಟ್ಟವನಿಗೆ ರಕ್ಷಣೆ ಕೊಡುವದಿಲ್ಲವೆಂಬದು ನಿಜವೇ. ಆದರೂ ಕಂಡದ್ದೆಲ್ಲ ರಹಸ್ಯವೆಂಬ ಹುಚ್ಚನ್ನಾದರೂ ಅವರು ಬಿಟ್ಟರು. ಅವರು ತಮ್ಮ ಮನೆಯಿಂದ ಹೊರಗೆಸೆದುದನ್ನು ನಾವು ಇನ್ನೂ ದೇವರ ಜಗಲಿಯ ಮೇಲಿಟ್ಟು ಪೂಜಿಸುತ್ತಿದ್ದೇವೆ!

ರಾಜ್ಯಕ್ಕೆ ಗುಟ್ಟೇ ಬೇಡವೇ ಎಂದು ಕೇಳುವವರುಂಟು. ಬೇಕು, ಯಾರೂ ಅಲ್ಲಗಳೆಯುವದಿಲ್ಲ. ದಂಡು ನಡೆಯುವ ದಾರಿಯನ್ನು ಡಂಗುರ ಸಾರಿ ಹೇಳಬೇಕೆಂದು ನಾವೆನ್ನುವದಿಲ್ಲ. ಗೂಢಚಾರನೆಂದು ಪುರಾವೆಯಿಂದ ಸಿದ್ಧವಾದವನಿಗೆ ಇದೇ ಕಾಯಿದೆಯ 3ನೆಯ ಕಲಮು 14 ವರ್ಷಗಳ ವರೆಗಿನ ಸೆರೆವಾಸವನ್ನಿಟ್ಟಿದೆ, ಇರಲಿ. ಆದರೆ ಗೂಢಚಾರನು ಕತ್ತಲೆಯಲ್ಲಿ ಹಗೆಗೆ ಮಾರುತ್ತಾನೆ. ನಾವು ಹೇಳುವ ಮನುಷ್ಯನು ಹಾಡಹಗಲಲ್ಲಿ ಒಡೆಯನಿಗೆ ತಿಳಿಸುತ್ತಾನೆ. ಪ್ರಜಾರಾಜ್ಯದಲ್ಲಿ ಒಡೆಯನೆಂದರೆ ಪ್ರಜೆಯಲ್ಲದೆ ಮತ್ತಾರು? ಇವರಿಬ್ಬರನ್ನೂ ಒಂದೇ ಹಗ್ಗದಿಂದ ಕಟ್ಟುವದು ಯಾವ ನ್ಯಾಯ?

ನಮ್ಮ ಶಾಸನಗಳೇ ಇದನ್ನು ಅರ್ಧ ಒಪ್ಪಿವೆ. 2005ರ ಮಾಹಿತಿ ಹಕ್ಕಿನ ಕಾಯಿದೆಯು ರಹಸ್ಯದ ಕಾಯಿದೆ ಏನೇ ಹೇಳಲಿ, ಲೋಕಹಿತವು ಹೆಚ್ಚಾದರೆ ಕಾಗದ ತೋರಿಸಬಹುದೆನ್ನುತ್ತದೆ. 2019ರ ಏಪ್ರಿಲ್ 10ರಂದು ರಫೇಲ್ ವಿಮಾನಗಳ ವ್ಯವಹಾರದಲ್ಲಿ, ಪತ್ರಿಕೆಯಲ್ಲಿ ಬಂದ ಕಾಗದಗಳನ್ನು ನೋಡಲೇಬಾರದೆಂಬ ಸರಕಾರದ ವಾದವನ್ನು ಸರ್ವೋಚ್ಚ ನ್ಯಾಯಾಲಯವು ತಳ್ಳಿಹಾಕಿತು. ಮುಂದೆ ಆ ಅರ್ಜಿಗಳೇ ವಜಾ ಆದವೆಂಬದು ಬೇರೆ ಮಾತು. ಕಾಗದವನ್ನು ನೋಡಬಹುದೆಂಬ ತತ್ವವು ನಿಂತಿತು. ಆದರೆ ಕೇಳಿದವನಿಗೆ ಸಿಕ್ಕ ಈ ಆಸರೆಯು, ತಾನಾಗಿ ಮುಂದೆ ಬಂದು ಹೇಳಿದ ನೌಕರನಿಗೆ ಎಲ್ಲಿದೆ?

ಆ ಆಸರೆಯಿಲ್ಲದೆ ಸತ್ತವರನ್ನು ನೆನೆಯೋಣ. ಹೆದ್ದಾರಿಯ ಕೆಲಸದಲ್ಲಿಯ ಅಕ್ರಮಗಳನ್ನು ಪ್ರಧಾನಿಗೆ ಬರೆದು, ತನ್ನ ಹೆಸರನ್ನು ಗುಟ್ಟಾಗಿಡಿರೆಂದು ಬೇಡಿದ ಇಂಜಿನಿಯರ್ ಸತ್ಯೇಂದ್ರ ದುಬೆ 2003ರಲ್ಲಿ ಗಯೆಯಲ್ಲಿ ಕೊಲೆಯಾದನು. ಕಳ್ಳರ ಗುಟ್ಟು ಉಳಿಯಿತು. ಅವನ ಗುಟ್ಟು ಮಾತ್ರ ಕಚೇರಿಯಿಂದ ಕಚೇರಿಗೆ ಹೋಯಿತು! ಎರಡು ವರ್ಷ ಕಳೆದು, ಕೋಲಾರದ ಚಿನ್ನದ ಗಣಿಯ ಊರಲ್ಲಿ ಬೆಳೆದು ಮೈಸೂರಿನಲ್ಲಿ ಕಲಿತ ನಮ್ಮ ಷಣ್ಮುಗಂ ಮಂಜುನಾಥನು ಕಲಬೆರಕೆಯ ಪೆಟ್ರೋಲನ್ನು ತಡೆಯಹೋಗಿ ಉತ್ತರಪ್ರದೇಶದ ಲಖೀಂಪುರ ಖೇರಿಯಲ್ಲಿ ಗುಂಡಿಗೆ ಬಲಿಯಾದನು. ಇಂಥವರಿಗಾಗಿ 2014ರಲ್ಲಿ ರಕ್ಷಣೆಯ ಕಾಯಿದೆಯೊಂದು ಹುಟ್ಟಿತು. ರಾಷ್ಟ್ರಪತಿಗಳ ಅಂಕಿತವೂ ಬಿದ್ದಿತು. ವರ್ಷಗಳುರುಳಿದರೂ ಅದನ್ನು ಜಾರಿಗೆ ತಂದಿಲ್ಲ. ಆಂಗ್ಲರ ಕಾಯಿದೆಗೆ ನೂರು ವರ್ಷ ತುಂಬಿತು. ನಮ್ಮ ಕಾಯಿದೆ ಇನ್ನೂ ತೊಟ್ಟಿಲಲ್ಲಿಯೇ ಮಲಗಿದೆ.

ಕನ್ನಡಿಗರಿಗೆ ಈ ನೋವು ಹೊಸದಲ್ಲ. 1908ರಲ್ಲಿ ಮೈಸೂರು ಸಂಸ್ಥಾನವು ವೃತ್ತಪತ್ರಿಕೆಗಳ ಮೇಲೆ ನಿಬಂಧನೆ ಹೇರಿದಾಗ, ತಾತಯ್ಯನವರೆಂದು ಜನರು ಪ್ರೀತಿಯಿಂದ ಕರೆಯುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರು ಪ್ರತಿಭಟಿಸಿದರು. ಮುಂಬಯಿ ಇಲಾಖೆಯ ಕನ್ನಡ ಪತ್ರಿಕೆಗಳ ತಲೆಯ ಮೇಲೆ 1910ರ ಮುದ್ರಣ ಕಾಯಿದೆಯ ಜಾಮೀನಿನ ಕತ್ತಿಯು ತೂಗುತ್ತಿದ್ದಿತು. ಹರಿದು ಹಂಚಿಹೋಗಿದ್ದ ನಾಡು 1956ರಲ್ಲಿ ಒಂದಾಗಬೇಕಾದರೆ ಈ ಪತ್ರಿಕೆಗಳು ಬಾಯಿಮುಚ್ಚದೆ ನುಡಿದದ್ದೂ ಒಂದು ಕಾರಣ. ಆ ಋಣ ನಮ್ಮ ಮೇಲಿದೆ.

ನಾವು ಬೇಡುವದು ಮೂರೇ ಮಾತು. 5ನೆಯ ಕಲಮನ್ನು ತೆಗೆದುಹಾಕಲಿ. ಯಾವದು ರಹಸ್ಯ, ಅದರಿಂದ ದೇಶಕ್ಕೇನು ಹಾನಿ ಎಂಬದನ್ನು ಕಚೇರಿಯ ಮುದ್ರೆಯಲ್ಲ, ನ್ಯಾಯಾಧೀಶನು ನಿರ್ಣಯಿಸಲಿ. 2014ರ ಕಾಯಿದೆಯನ್ನು ದುರ್ಬಲಗೊಳಿಸದೆ ಜಾರಿಗೆ ತರಲಿ. ನಮ್ಮ ವಕೀಲ ಬಂಧುಗಳು ಇಂಥ ಖಟ್ಲೆಗಳನ್ನು ಫೀ ಇಲ್ಲದೆ ನಡೆಸಲು ಮುಂದೆ ಬರಲಿ. ಶಾಲಾಮಾಸ್ತರರು ತಮ್ಮ ಸಂಘಗಳಲ್ಲಿ ಠರಾವು ಮಾಡಿ ಲೋಕಸಭೆಯ ಸದಸ್ಯರಿಗೆ ಕಳಿಸಲಿ. ಕೂಗಿದವನ ಕೈಗೆ ಕೋಳ ಬೀಳುವದನ್ನು ಬಾಗಿಲ ಸಂದಿಯಿಂದ ನೋಡುತ್ತ ಸುಮ್ಮನಿದ್ದ ಊರಿನಲ್ಲಿ, ನಾಳೆ ಕನ್ನ ಬಿದ್ದಾಗ ಕೂಗುವವನೇ ಇರುವದಿಲ್ಲ.