ಜೀವ ಉಳಿಸಿದವರ ಜೀತ

ಆಕಾಶದಿಂದ ಇಳಿದು ಬರುವವರ ಕಥೆ ನಮಗ್ಯಾಕೆ ಎಂದು ನಮ್ಮ ಗೆಳೆಯರೇ ಕೇಳಿದರು. ಅದು ಹೊಟ್ಟೆ ತುಂಬಿದವರ ಆಟ, ಕೇರಿಗೆ ನೀರು ಬಂದಿಲ್ಲ, ನೀವು ಅನ್ಯಗ್ರಹದ ಮಾತಾಡ್ತೀರಾ ಎಂದು ಬೈದರು. ಬೈಗುಳ ನ್ಯಾಯವಾದದ್ದೇ. ಆದರೂ ಆಕ್ಟೇವಿಯಾ ಬಟ್ಲರ್ ಬರೆದ 'ಡಾನ್' ಕಾದಂಬರಿಯ ಒಂದೇ ಪ್ರತಿಯನ್ನು ಕೈಯಿಂದ ಕೈಗೆ ದಾಟಿಸಿ ಓದಿದೆವು. ಮುಗಿಸುವ ಹೊತ್ತಿಗೆ ನಾವು ನಾವೇ ಮೂರು ಪಂಗಡವಾಗಿ ಕಿತ್ತಾಡಿಕೊಂಡೆವು. ಆ ಜಗಳವನ್ನು ಇಲ್ಲಿ ಬಯಲಿಗೆ ಇಡುತ್ತಿದ್ದೇವೆ.

ಮೊದಲು, ಬರೆದವಳು ಯಾರು? 1947ರಲ್ಲಿ ಅಮೆರಿಕದ ಪಸಡೀನಾದಲ್ಲಿ ಹುಟ್ಟಿದ ಕರಿಯ ಹೆಣ್ಣುಮಗಳು. ಅಪ್ಪ ಬೂಟು ಪಾಲಿಶ್ ಮಾಡುತ್ತಿದ್ದವನು, ಬೇಗ ಸತ್ತ. ಅವ್ವ ಬಿಳಿಯರ ಮನೆಗಳಲ್ಲಿ ಕಸಮುಸುರೆ ಮಾಡಿ ಸಾಕಿದಳು. ಆ ಅವ್ವ ಹಿಂಬಾಗಿಲಿನಿಂದ ಒಳಗೆ ಹೋಗುವುದನ್ನು, ಎದುರಿಗೇ ಆಡಿದ ಅವಮಾನದ ಮಾತನ್ನು ಕೇಳಿಸದವಳಂತೆ ನುಂಗುವುದನ್ನು ಮಗಳು ಕಣ್ಣಾರೆ ಕಂಡಳು. ಹಿತ್ತಲ ಬಾಗಿಲು ಗೊತ್ತಿದ್ದವರಿಗೆ ಇದಕ್ಕಿಂತ ಹೆಚ್ಚಿನ ಪರಿಚಯ ಬೇಕಿಲ್ಲ.

'ಡಾನ್' ಬಂದದ್ದು 1987ರಲ್ಲಿ. ಅಣುಯುದ್ಧವನ್ನೂ ಗೆಲ್ಲಬಹುದು ಎಂಬ ರೇಗನ್ ಕಾಲದ ಮಾತು ಕೇಳಿ ಇದನ್ನು ಬರೆದೆ ಎಂದು ಈಕೆ ಹೇಳಿದ್ದುಂಟು. ಕಥೆಯಲ್ಲಿ ಆ ಯುದ್ಧ ಆಗಿಹೋಗಿದೆ. ಭೂಮಿ ಸುಟ್ಟಿದೆ. ಮೈತುಂಬ ಹುಳುವಿನಂಥ ಎಳೆಗಳಿರುವ ಓನ್ಕಾಲಿ ಎಂಬ ಅನ್ಯಲೋಕದ ಜನ ಅಳಿದುಳಿದ ಮನುಷ್ಯರನ್ನು ಎತ್ತಿಕೊಂಡು ಹೋಗಿ ಸುಮಾರು 250 ವರ್ಷ ತಮ್ಮ ಹಡಗಿನಲ್ಲಿ ಮಲಗಿಸಿಟ್ಟಿದ್ದಾರೆ. ಲಿಲಿತ್ ಎಂಬ ಕರಿಯ ಹೆಂಗಸು ಎಚ್ಚರಗೊಳ್ಳುತ್ತಾಳೆ. ಅವಳ ಕ್ಯಾನ್ಸರ್ ವಾಸಿಯಾಗಿದೆ. ಮೈಮೇಲೆ ಕಲೆ ಇದೆ. ಕೊಯ್ಯಲೇ ಎಂದು ಅವಳನ್ನು ಕೇಳಿದವರು ಯಾರೂ ಇಲ್ಲ. ತಿನ್ನಲು ಕೊಡುತ್ತಾರೆ, ಬರೆಯಲು ಪೆನ್ನು ಕಾಗದ ಕೊಡುವುದಿಲ್ಲ. ಮನುಷ್ಯರಿಗೆ ಮನುಷ್ಯರಿಂದಲೇ ಮಕ್ಕಳಾಗದಂತೆ ಮಾಡಿದ್ದಾರೆ. ಇನ್ನು ಹುಟ್ಟುವ ಕೂಸುಗಳೆಲ್ಲ ಎರಡೂ ಕುಲ ಬೆರೆತವು. ಓನ್ಕಾಲಿಗಳು ಇದನ್ನು ವ್ಯಾಪಾರ ಅನ್ನುತ್ತಾರೆ.

ಮೊದಲ ಪಂಗಡದ ವಾದ: ಸತ್ತುಹೋಗುತ್ತಿದ್ದವರನ್ನು ಉಳಿಸಿದರಲ್ಲ, ಇನ್ನೇನು ಬೇಕು? ಅಮೆರಿಕದ ವಿದ್ವಾಂಸೆ ಡೊನಾ ಹರಾವೇ 1989ರ 'ಪ್ರೈಮೇಟ್ ವಿಷನ್ಸ್' ಗ್ರಂಥದ ಕೊನೆಯಲ್ಲಿ ಇದೇ ಕಾದಂಬರಿಗೆ ಬಂದು ನಿಂತಳು. ಶುದ್ಧ ರಕ್ತವೆಂಬ ಭ್ರಮೆ ಒಡೆಯುವ ದಾರಿಯನ್ನು ಇಲ್ಲಿ ಕಂಡವರು ಆಮೇಲೂ ಬಹಳ ಮಂದಿ. ನಮ್ಮವನೊಬ್ಬ ಇನ್ನೂ ಮುಂದೆ ಹೋದ. ರಕ್ತ ಬೆರೆಯಲಿ ಅಂತ ಬಾಬಾಸಾಹೇಬರೇ 1936ರ 'ಜಾತಿ ವಿನಾಶ'ದಲ್ಲಿ ಹೇಳಿಲ್ಲವೇ ಎಂದ.

ಹೇಳಿದ್ದಾರೆ. ಅವರು ಹೇಳಿದ್ದು ಮದುವೆಯನ್ನು. ಇಬ್ಬರೂ ಒಪ್ಪಿ, ಇಬ್ಬರೂ ತಲೆಯೆತ್ತಿ ಆಗುವ ಮದುವೆಯನ್ನು. ಕಣದ ಮರೆಯಲ್ಲಿ ಕೇರಿಯ ಹೆಣ್ಣಿನ ಮೈಗೆ ಕೈಹಾಕಿದ ದಣಿಯೂ ರಕ್ತ ಬೆರೆಸಿದ. ಜಾತಿ ಹೋಯಿತೇ? ಕಾದಂಬರಿಯ ಕೊನೆಗೆ ಲಿಲಿತ್ ಬಸುರಿ. ಅವಳನ್ನು ಕೇಳದೆಯೇ ಬಸುರು ಮಾಡಿದ್ದಾರೆ. ನಿನ್ನ ಮನಸ್ಸು ಒಪ್ಪಿತ್ತು, ಬಾಯಿ ಮಾತ್ರ ಹೇಳಲಿಲ್ಲ ಎಂಬ ಸಮಜಾಯಿಷಿ ಬೇರೆ! ಈ ಮಾತು ನಾವು ಯಾವ ನಕ್ಷತ್ರಕ್ಕೂ ಹೋಗದೆ ಕೇಳಿದ್ದೇವೆ. ಅನ್ನ ಹಾಕಿದೆ, ಕಾಯಿಲೆಗೆ ದುಡ್ಡು ಕೊಟ್ಟೆ, ಇನ್ನು ನಿನ್ನ ಮಗ ನನ್ನ ದನ ಕಾಯಲಿ ಅನ್ನುವವನೂ ಉಪಕಾರಿಯೇ. ಅದರ ಹೆಸರು ಜೀತ.

ಎರಡನೆಯ ಪಂಗಡ ಉಗ್ರರದು. ಲಿಲಿತ್ ದ್ರೋಹಿ ಅಂದರು. ಓನ್ಕಾಲಿಗಳ ಮಾತು ಕೇಳಿ ಉಳಿದ ಮನುಷ್ಯರನ್ನು ಎಬ್ಬಿಸಿ ತರಬೇತಿ ಕೊಟ್ಟವಳು ಅವಳೇ. ಕಥೆಯೊಳಗಿನ ಮನುಷ್ಯರೂ ಹಾಗೇ ಅಂದುಕೊಳ್ಳುತ್ತಾರೆ. ಅವಳ ಜೊತೆಗಾರ ಜೋಸೆಫ್‌ನನ್ನು ಕೊಲ್ಲುತ್ತಾರೆ.

ಇಲ್ಲಿ ನಾವು ತಲೆ ತಗ್ಗಿಸಬೇಕಾಯಿತು. ಬಟ್ಲರ್ ಓದುವಾಗ ಜೊತೆಯ ಕರಿಯ ಹುಡುಗನೊಬ್ಬ, ಇಷ್ಟು ಕಾಲ ಸಹಿಸಿಕೊಂಡ ಹಿರಿಯರನ್ನೆಲ್ಲ ಕೊಂದುಬಿಡಬೇಕು ಅನ್ನಿಸುತ್ತದೆ, ಆದರೆ ನನ್ನ ಅಪ್ಪ ಅವ್ವನಿಂದಲೇ ಶುರು ಮಾಡಬೇಕಾಗುತ್ತದೆ ಎಂದನಂತೆ. ಆ ಮಾತು ಚುಚ್ಚಿ 1979ರಲ್ಲಿ 'ಕಿಂಡ್ರೆಡ್' ಬರೆದಳು. ಲಿಲಿತ್ ಕೂಡ ಅದೇ ಮಾತಿಗೆ ಉತ್ತರ ಎಂದು ನಾವು ಓದುತ್ತೇವೆ. ನಾವೂ ಡಿಗ್ರಿ ಕೈಗೆ ಬಂದ ವರ್ಷ ಅವ್ವಂದಿರ ಮೇಲೆ ಹಾರಾಡಿದವರೇ. ಇನ್ನೂ ಯಾಕವ್ವ ಅವರ ಮನೆ ಕೊಟ್ಟಿಗೆ ಬಾಚ್ತೀಯ ಅಂದೆವು. ನಿನ್ನ ಪರೀಕ್ಷೆ ಫೀಸು ಎಲ್ಲಿಂದ ಬಂತಪ್ಪ ಅಂದಳು. ಬಗ್ಗಿದ ಬೆನ್ನೆಲ್ಲ ಗುಲಾಮರದಲ್ಲ. ಮಗನನ್ನು ಹೊತ್ತದ್ದಕ್ಕೂ ಬೆನ್ನು ಬಗ್ಗುತ್ತದೆ. ಲಿಲಿತ್ ತನ್ನವರಿಗೆ ಕಲಿಸಿಕೊಟ್ಟದ್ದು ಬದುಕುವುದನ್ನು, ಸಮಯ ಸಿಕ್ಕಾಗ ಓಡುವುದನ್ನು. ಅವಳನ್ನು ದ್ರೋಹಿ ಅನ್ನುವವರು ಅವಳ ಜಾಗದಲ್ಲಿ ಒಂದು ದಿನ ನಿಂತು ತೋರಿಸಲಿ.

ಮೂರನೆಯ ಪಂಗಡವೇ ಅಪಾಯದ್ದು. ಮನುಷ್ಯನಿಗೆ ಬುದ್ಧಿಯಿದೆ, ಮೇಲುಕೀಳಿನ ಗುಣವೂ ಇದೆ, ಎರಡನೆಯದೇ ಹಳೆಯದು, ಎರಡೂ ಸೇರಿ ಅವನನ್ನು ಕೊಲ್ಲುತ್ತವೆ ಎಂಬುದು ಓನ್ಕಾಲಿಗಳ ತೀರ್ಪು. ಹೌದಲ್ಲಾ, ರಕ್ತದಲ್ಲೇ ಇದೆ, ಹೋರಾಡಿ ಏನು ಫಲ ಎಂದು ಇವರು ಕೈ ಚೆಲ್ಲಿದರು. ಬಟ್ಲರ್ ಕೂಡ ಈ ಮಾತನ್ನು ನಂಬಿದ್ದಳು. 2001ರಲ್ಲಿ ಡರ್ಬನ್‌ನಲ್ಲಿ ವಿಶ್ವಸಂಸ್ಥೆಯ ಜನಾಂಗೀಯತೆ ವಿರೋಧಿ ಸಮ್ಮೇಳನ ನಡೆದಾಗ ಅಮೆರಿಕದ ರೇಡಿಯೋಗಾಗಿ ಬರೆದ ಪ್ರಬಂಧದಲ್ಲೂ ಇದನ್ನೇ ಎತ್ತಿದಳು. ಈ ತಾಯಿಯ ಜೊತೆಗೂ ನಮ್ಮ ಜಗಳವಿದೆ.

ರಕ್ತದಲ್ಲೇ ಇದ್ದಿದ್ದರೆ ಸ್ಮೃತಿ ಬರೆಯುವ ಕಷ್ಟ ಮನುವಿಗೆ ಯಾಕೆ ಬೇಕಿತ್ತು? ಬೇರೆ ಬಾವಿ ಯಾಕೆ, ಹೋಟೆಲಿನಲ್ಲಿ ಬೇರೆ ಲೋಟ ಯಾಕೆ? ಇರುವೆಗೆ ಯಾರೂ ಶಾಸ್ತ್ರ ಬರೆದುಕೊಟ್ಟಿಲ್ಲ. ಅದೇ ಡರ್ಬನ್‌ಗೆ ನಮ್ಮವರೂ ಹೋಗಿದ್ದರು. ಜಾತಿಯನ್ನೂ ಚರ್ಚೆಗೆ ತನ್ನಿ ಎಂದು ದಲಿತ ಸಂಘಟನೆಗಳು ಕೇಳಿದವು. ಭಾರತ ಸರ್ಕಾರ ಒಪ್ಪಲಿಲ್ಲ. ಕಾವಲಿಗೆ ಸರ್ಕಾರವೇ ನಿಲ್ಲಬೇಕಾದ ಮೇಲುಕೀಳು ರಕ್ತದ್ದು ಹೇಗಾದೀತು? 'ಡಾನ್' ಮೊದಲ ಮುದ್ರಣದ ರಕ್ಷಾಪುಟದಲ್ಲಿ ಕರಿಯ ಲಿಲಿತ್‌ಳನ್ನು ಬಿಳಿಯಳಾಗಿ ಚಿತ್ರಿಸಿದರು. ಅದೂ ಜೀನಿನ ಕೆಲಸವೋ? ಕುಂಚ ಹಿಡಿದದ್ದು ಕೈ, ಒಪ್ಪಿಗೆ ಕೊಟ್ಟದ್ದು ಕಚೇರಿ.

ಬಟ್ಲರ್ ಕೂಡ ಕೈ ಚೆಲ್ಲಲಿಲ್ಲ. 1988ರ ಮುಂದಿನ ಭಾಗದಲ್ಲಿ ಲಿಲಿತ್‌ಳ ಮಗ ಆಕಿನ್ ಓನ್ಕಾಲಿಗಳ ಜೊತೆ ವಾದಿಸಿ, ಬೆರೆಯಲೊಲ್ಲದ ಮನುಷ್ಯರಿಗೆ ಮಂಗಳ ಗ್ರಹದಲ್ಲಿ ಸ್ವಂತ ನೆಲ, ಸ್ವಂತ ಮಕ್ಕಳು ಸಿಗುವಂತೆ ಮಾಡುತ್ತಾನೆ. ಸಾಯುತ್ತೀರಿ ಎಂದು ತೀರ್ಪು ಕೊಟ್ಟವರ ಕೈಯಿಂದಲೇ ಬದುಕುವ ಹಕ್ಕು ಕಿತ್ತುಕೊಳ್ಳುತ್ತಾನೆ.

ಬೈದ ಗೆಳೆಯರಿಗೆ ಇಷ್ಟೇ ಹೇಳುತ್ತೇವೆ. ಹಿತ್ತಲ ಬಾಗಿಲಿನಿಂದ ಒಳಹೋದವಳ ಮಗಳು ಬರೆದ ಆಕಾಶದಲ್ಲಿ ನಮ್ಮ ಕೇರಿ ಕಾಣುತ್ತದೆ. ಆಕೆ 2006ರಲ್ಲಿ ತೀರಿಕೊಂಡಳು. ಪುಸ್ತಕ ನಮ್ಮ ಹತ್ತಿರ ಇದೆ. ತಗೊಂಡು ಹೋಗಿ, ಓದಿ, ಜಗಳಕ್ಕೆ ಬನ್ನಿ.