ಕರ ನಮ್ಮದು, ಬಾಗಿಲು ಯಾರದು?

ಬೀರೂರು ರೈಲು ಬದಲಾಯಿಸುವ ಊರು. ವಿದ್ಯೆಯ ವಿಷಯದಲ್ಲೂ ನಾವು ಅದನ್ನೇ ರೂಢಿ ಮಾಡಿಕೊಂಡಿದ್ದೇವೆ. ಏನು ಬೇಕಿದ್ದರೂ ರೈಲು ಹತ್ತು, ಬೆಂಗಳೂರಿಗೆ ಹೋಗು.

ನಮ್ಮ ಬೀದಿಯ ಹುಡುಗಿಯೊಬ್ಬಳು ಖಾಸಗಿ ಕಾಲೇಜಿನಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದಾಳೆ. ಬೆಳಕಿನ ಚದುರುವಿಕೆಯ ಮೇಲೆ ಅವಳೊಂದು ಪ್ರಬಂಧ ಬರೆಯಬೇಕಿತ್ತು. ಬೇಕಾದ ಲೇಖನದ ಹೆಸರು ಸಿಕ್ಕಿತು, ಸಾರಾಂಶವೂ ಸಿಕ್ಕಿತು. ಪೂರ್ತಿ ಓದಲು ಮಾತ್ರ ಮೂವತ್ತು ಚಿಲ್ಲರೆ ಡಾಲರು ಕೊಡಬೇಕಂತೆ. "ಇದೆಲ್ಲ ನಮ್ಮಂಥವರಿಗಲ್ಲ, ಬಿಡಿ ಮೇಷ್ಟ್ರೇ" ಎಂದಳು. ಆ 'ಬಿಡಿ' ನನ್ನನ್ನು ಕೆರಳಿಸಿತು.

2024ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ 'ಒಂದು ರಾಷ್ಟ್ರ, ಒಂದು ಚಂದಾ' ಯೋಜನೆಗೆ ಒಪ್ಪಿಗೆ ಕೊಟ್ಟಿತು. ಮೂರು ವರ್ಷಕ್ಕೆ ಸುಮಾರು 6,000 ಕೋಟಿ ರೂಪಾಯಿ ವೆಚ್ಚ. ಸುಮಾರು 13,000 ಸಂಶೋಧನಾ ಪತ್ರಿಕೆಗಳು. ಓದುವ ಹಕ್ಕು 6,300ರಷ್ಟು ಸರ್ಕಾರಿ ಸಂಸ್ಥೆಗಳಿಗೆ. ಸಂತೋಷ. ಆದರೆ ಆ ಪಟ್ಟಿಯಲ್ಲಿ ಊರ ಗ್ರಂಥಾಲಯವಿರಲಿಲ್ಲ, ಈ ಹುಡುಗಿಯ ಕಾಲೇಜೂ ಇರಲಿಲ್ಲ. ತೆರಿಗೆ ಕಟ್ಟುವಾಗ ನಾವು ರಾಷ್ಟ್ರ, ಓದುವಾಗ ಹೊರಗಿನವರು!

"ಬೀರೂರಿನಲ್ಲಿ ಅದನ್ನೆಲ್ಲ ಓದುವವರು ಯಾರಿದ್ದಾರೆ?" ಎಂದು ಬುದ್ಧಿವಂತರು ಕೇಳುತ್ತಾರೆ. ಬಾವಿಗೆ ಬೀಗ ಹಾಕಿ, ನೀರಿಗೆ ಯಾರೂ ಬರಲಿಲ್ಲ ಎಂದರೆ ಹೇಗೆ ಸ್ವಾಮಿ? 1907ರಲ್ಲಿ ಕಲ್ಕತ್ತೆಗೆ ಹೋದ ಸಿ.ವಿ. ರಾಮನ್ ಹಣಕಾಸು ಇಲಾಖೆಯ ನೌಕರರು, ಯಾವ ವಿಶ್ವವಿದ್ಯಾಲಯಕ್ಕೂ ಸೇರಿದವರಲ್ಲ. ಮಹೇಂದ್ರಲಾಲ್ ಸರ್ಕಾರ್ 1876ರಲ್ಲಿ ಕಟ್ಟಿದ ವಿಜ್ಞಾನ ಸಂಸ್ಥೆ ಅವರಿಗೆ ಬಾಗಿಲು ತೆರೆಯಿತು. ಕಚೇರಿಗೆ ಮುಂಚೆ, ಕಚೇರಿ ಮುಗಿದ ಮೇಲೆ, ಹತ್ತು ವರ್ಷ ಅವರು ಅಲ್ಲಿ ದುಡಿದರು. "ನಿಮ್ಮದು ಯಾವ ಸಂಸ್ಥೆ?" ಎಂದು ಬಾಗಿಲಲ್ಲೇ ತಡೆದಿದ್ದರೆ 1930ರ ನೊಬೆಲ್ ಎಲ್ಲಿರುತ್ತಿತ್ತು?

ಬೈಗುಳವೆಲ್ಲ ದೆಹಲಿಗೇ ಸಲ್ಲಬೇಕಾಗಿಲ್ಲ. ಆ ಸಂಜೆ ನಾನೂ ಅವಳೂ ಕೂತು ಹುಡುಕಿದೆವು. ಭೌತಶಾಸ್ತ್ರ, ಖಗೋಳಶಾಸ್ತ್ರಗಳ ಲಕ್ಷಾಂತರ ಲೇಖನಗಳನ್ನು 1991ರಲ್ಲಿ ಶುರುವಾದ 'ಆರ್ಕೈವ್' ಭಂಡಾರ ಪುಕ್ಕಟೆ ಕೊಡುತ್ತದೆ. ಬೆಂಗಳೂರಿನ ವಿಜ್ಞಾನ ಅಕಾಡೆಮಿ 'ಪ್ರಮಾಣ' ಮುಂತಾದ ತನ್ನ ಪತ್ರಿಕೆಗಳನ್ನು ತೆರೆದಿಟ್ಟಿದೆ. ಕೊಡೈಕೆನಾಲಿನಲ್ಲಿ ನೂರು ವರ್ಷಕ್ಕೂ ಮಿಕ್ಕಿ ತೆಗೆದ ಸೂರ್ಯನ ಚಿತ್ರಗಳನ್ನು ಯಾರು ಬೇಕಾದರೂ ನೋಡಬಹುದು. ರಾಮನ್ 1928ರ ಮಾರ್ಚ್ 16ರಂದು ಬೆಂಗಳೂರಿನಲ್ಲಿ ತಮ್ಮ ಹೊಸ ಶೋಧದ ಬಗ್ಗೆ ಮಾಡಿದ ಭಾಷಣವೂ ಸಿಕ್ಕಿತು. ಹುಡುಗಿ ಅದನ್ನು ಅಲ್ಲೇ ಕೂತು ಓದಿದಳು. ರೈಲೂ ಬೇಕಾಗಲಿಲ್ಲ, ಡಾಲರೂ ಬೇಕಾಗಲಿಲ್ಲ.

ಹಾಗಾದರೆ ಎರಡು ವರ್ಷ ಅವಳಿಗೆ ಇದನ್ನು ಯಾರೂ ಏಕೆ ಹೇಳಲಿಲ್ಲ? ಹೇಳುವುದು ಯಾರ ಕೆಲಸವೂ ಅಲ್ಲ ಎಂದು ನಾವೆಲ್ಲ ತೀರ್ಮಾನಿಸಿದ್ದೇವೆ. ಮೇಷ್ಟರಾದ ನಾನೂ ಆ ತಪ್ಪಿನಲ್ಲಿ ಪಾಲುದಾರ. ಸಣ್ಣ ಊರಿನ ಗ್ರಂಥಾಲಯವೆಂದರೆ ದಿನಪತ್ರಿಕೆ ಮತ್ತು ಪರೀಕ್ಷೆಯ ಗೈಡು ಎಂದು ಒಪ್ಪಿಕೊಂಡು ಕೂತಿದ್ದೇವೆ. 1965ರ ಗ್ರಂಥಾಲಯ ಕಾಯಿದೆಯಂತೆ ಮನೆ ಕಂದಾಯದ ಜೊತೆ ಗ್ರಂಥಾಲಯ ಕರವನ್ನೂ ತಪ್ಪದೆ ಕಟ್ಟುತ್ತೇವೆ. ಪ್ರತಿಯಾಗಿ ಏನು ಬಂತೆಂದು ಕೇಳುವುದಿಲ್ಲ.

ನಾನು ಕೇಳುವುದು ಎರಡೇ. ಊರ ಗ್ರಂಥಾಲಯದಲ್ಲಿ ಒಂದು ಕಂಪ್ಯೂಟರೂ ಹುಡುಕುವ ದಾರಿ ಬಲ್ಲ ಒಬ್ಬ ಗ್ರಂಥಪಾಲಕರೂ ಇರಲಿ. ರಾಷ್ಟ್ರದ ಚಂದಾ ಆ ಕಂಪ್ಯೂಟರಿಗೂ ಸಲ್ಲಲಿ. ಇದು ದಾನವಲ್ಲ, ನಾವು ಆಗಲೇ ದುಡ್ಡು ಕಟ್ಟಿದ್ದೇವೆ.